ರಾಯಚೂರು ಸೀಮೆಯ ದಂಡನ್ಯಾಯ

ಪ್ರಜೆಗಳು ಆರಿಸಿ ಕಳುಹಿಸಿದ ಸಭೆಯಿಲ್ಲದ ಒಂದು ರಾಜ್ಯದಲ್ಲಿ, ಯಾವ ದೊಡ್ಡ ವಾಗ್ವಾದವೂ ಇಲ್ಲದೆ, ಅರಸನ ಒಂದು ಫರ್ಮಾನಿನಿಂದ ದೊಡ್ಡದೊಂದು ಸುಧಾರಣೆ ನಡೆದುಹೋಯಿತು. ೧೯೨೧ರಲ್ಲಿ ಹೈದರಾಬಾದಿನ ನಿಜಾಮರಾದ ಮೀರ್ ಉಸ್ಮಾನ್ ಅಲಿಖಾನರು, ಕಂದಾಯವನ್ನೆತ್ತುವ ಅಧಿಕಾರಿಗಳ ಕೈಯಿಂದ ನ್ಯಾಯವಿಚಾರಣೆಯ ಅಧಿಕಾರವನ್ನು ಬಿಡಿಸಿ, ಅದನ್ನು ಬೇರೆ ನ್ಯಾಯಾಧಿಕಾರಿಗಳಿಗೆ ವಹಿಸಿದರು. ಇದೇ ಸುಧಾರಣೆಯನ್ನು ಬ್ರಿಟಿಷ್ ಇಂಡಿಯಾದಲ್ಲಿ ಮಾಡಬೇಕೆಂದು ಕಾಂಗ್ರೆಸ್ ಮಹಾಸಭೆಯು ೧೮೮೬ರಿಂದಲೂ ನಿರ್ಣಯಗಳ ಮೇಲೆ ನಿರ್ಣಯಗಳನ್ನು ಮಾಡುತ್ತ ಬಂದಿತ್ತು. ಸ್ವತಂತ್ರ ಭಾರತದ ಪಾರ್ಲಿಮೆಂಟು ಬಹುಮಟ್ಟಿಗೆ ಇಡೀ ದೇಶಕ್ಕೆ ಅನ್ವಯಿಸುವಂತೆ ಅದನ್ನು ಶಾಸನದಲ್ಲಿ ಬರೆದುದು ೧೯೭೩ರಲ್ಲಿ. ಎರಡಕ್ಕೂ ನಡುವೆ ೫೨ ವರ್ಷಗಳ ಅಂತರ. ಮೊದಲು ಬಂದ ಈ ಸುಧಾರಣೆಯಿಂದ ರಾಯಚೂರು, ದೇವದುರ್ಗ, ಮಾನವಿ ಕಡೆಯ ರೈತನಿಗೆ ದೊರೆತುದೇನು, ದೊರೆಯದೆ ಉಳಿದುದೇನು ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರಿಸೋಣ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಮಿಯನ್ನು ನಮ್ಮ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರ ಕೋಟೆಯನ್ನು ಹಿಡಿದ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಕೋಟೆ ಯಾರ ಕೈಗೆ ಹೋಯಿತೆಂಬುದನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ, ಕೋಟೆಯ ಹೊರಗಿನ ಒಕ್ಕಲಿಗನ ಕಳವಿನ ದೂರನ್ನು ಯಾರು ಕೇಳಿದರೆಂಬುದನ್ನು ನಮ್ಮ ಚರಿತ್ರಕಾರರು ಬರೆದಿಡಲಿಲ್ಲ. ಆ ಸಂಗತಿ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಾಣತೊಡಗುವುದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ. ೧೮೫೩ರ ಕೌಲಿನಂತೆ ನಿಜಾಮರು ಈ ದೋಆಬನ್ನು ಸೈನ್ಯದ ವೆಚ್ಚಕ್ಕಾಗಿ ಇಂಗ್ಲಿಷರಿಗೆ ಒಪ್ಪಿಸಿದರು. ೧೮೬೦ರಲ್ಲಿ ಅದು ಹಿಂದಿರುಗಿ ಬಂದಿತು. ಆ ಏಳು ವರ್ಷ ಇಲ್ಲಿ ನಡೆದುದು ಇಂಗ್ಲಿಷರ ಆಡಳಿತ.

ಆಮೇಲೆ ದಿವಾನರಾದ ಸಾಲಾರ್ ಜಂಗರು ೧೮೬೫ರಲ್ಲಿ ಜಿಲ್ಲಾಬಂದಿಯನ್ನು ಏರ್ಪಡಿಸಿದರು. ಅದಕ್ಕೆ ಹಿಂದೆ ತಾಲೂಕುದಾರನೆಂದರೆ ಬಹುಮಟ್ಟಿಗೆ ವಸೂಲಿಯ ಗುತ್ತಿಗೆದಾರ. ಈಗ ಆತನು ಸಂಬಳದ ಅಧಿಕಾರಿಯಾದನು. ಇದು ನಿಜವಾಗಿಯೂ ಒಂದು ಉಪಕಾರವೇ. ಆದರೆ ಮೊದಲನೆಯ ತಾಲೂಕುದಾರನೇ ಜಿಲ್ಲೆಯ ಮುಖ್ಯ ಮ್ಯಾಜಿಸ್ಟ್ರೇಟನೂ ಆಗಿದ್ದನು. ಆತನ ಕೆಳಗಿನ ತಾಲೂಕುದಾರರಿಗೂ ತಹಸೀಲ್ದಾರರಿಗೂ ಎರಡನೆಯ, ಮೂರನೆಯ ತರಗತಿಯ ದಂಡಾಧಿಕಾರವಿತ್ತು. ಊರೊಳಗೆ ಕಂದಾಯಕ್ಕೆ ಮಾಲಿಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ. ಹಳ್ಳಿಯಲ್ಲಿ ಎರಡು ಕೆಲಸಕ್ಕೆ ಇಬ್ಬರಿದ್ದು, ಕಚೇರಿಯಲ್ಲಿ ಎರಡಕ್ಕೂ ಒಬ್ಬನೇ ಇದ್ದುದು ಸೋಜಿಗದ ಮಾತು. ಈ ಹುದ್ದೆಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬವು ಮನೆತನದ ಹೆಸರುಗಳಾಗಿ ಈ ಸೀಮೆಯಲ್ಲಿ ಇಂದಿಗೂ ನಿಂತಿವೆ.

ಈ ಏರ್ಪಾಟಿನ ಕೆಡುಕೇನೆಂಬುದು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟವಾಗುವುದು. ಮಾನವಿ ತಾಲ್ಲೂಕಿನ ಒಬ್ಬ ರೈತ, ಮಳೆ ಕೈಕೊಟ್ಟ ವರ್ಷ ಕಂದಾಯದ ಬಾಕಿ ಉಳಿಸಿಕೊಂಡಿದ್ದಾನೆನ್ನಿ. ಬದುವಿನ ಜಗಳದಲ್ಲಿ ನೆರೆಯವನು ಆತನ ಮೇಲೆ ಹೊಡೆದಾಟದ ಫಿರ್ಯಾದು ಕೊಡುತ್ತಾನೆ. ಎರಿಯ ಭೂಮಿಯ ಕೆಸರು ತುಳಿದು ಕಚೇರಿಗೆ ಬಂದರೆ, ಗಾದಿಯ ಮೇಲೆ ಕುಳಿತವರು ಬಾಕಿಗಾಗಿ ನಿನ್ನೆ ಜಪ್ತಿಯ ಹುಕುಂ ಬರೆದ ತಹಸೀಲ್ದಾರ ಸಾಹೇಬರೇ. ಅವರು ಎಷ್ಟೇ ಧರ್ಮಿಷ್ಠರಾಗಿರಲಿ, ಬಾಕಿದಾರನೆಂಬ ಭಾವನೆಯನ್ನು ಬಾಗಿಲ ಹೊರಗಿಟ್ಟು ಆರೋಪಿಯ ಮಾತನ್ನು ಕೇಳುವುದು ಮನುಷ್ಯಮಾತ್ರರಿಗೆ ಕಷ್ಟ. ಅವರು ಹಾಗೆ ಕೇಳಿದರೆಂದೇ ಇಟ್ಟುಕೊಂಡರೂ ರೈತನು ಅದನ್ನು ನಂಬುವುದು ಇನ್ನೂ ಕಷ್ಟ. ಮೇಲಾಗಿ ತಹಸೀಲ್ದಾರರ ಬಡ್ತಿಯು ವಸೂಲಿಯನ್ನು ಮೆಚ್ಚುವ ಮೇಲಧಿಕಾರಿಯ ಕೈಯಲ್ಲಿದ್ದಿತು.

ರಾಯಚೂರು ಪಟ್ಟಣದಲ್ಲಿ ಇನ್ನೊಂದು ತೊಡಕಿತ್ತು. ೧೮೭೧ರಲ್ಲಿ ಬೊಂಬಾಯಿಯ ಕಡೆಯಿಂದ ಒಂದು, ಮದರಾಸಿನ ಕಡೆಯಿಂದ ಒಂದು, ಹೀಗೆ ಎರಡು ರೈಲುದಾರಿಗಳು ಇಲ್ಲಿ ಬಂದು ಕೂಡಿಕೊಂಡವು. ರೈಲಿನ ನೆಲದ ಮೇಲಿನ ನ್ಯಾಯಾಧಿಕಾರವನ್ನು ನಿಜಾಮರು ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದರು. ಬೇಲಿಯ ಈಚೆಗೊಂದು ಸರ್ಕಾರ, ಆಚೆಗೊಂದು ಸರ್ಕಾರ. ಆ ಬಿಟ್ಟುಕೊಟ್ಟ ಅಧಿಕಾರಕ್ಕೆ ಎಲ್ಲೆ ಎಲ್ಲಿಯದೆಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಮಹಮ್ಮದ್ ಯೂಸುಫುದ್ದೀನ್ ಎಂಬವರನ್ನು ನಿಜಾಮರ ಸೀಮೆಯ ರೈಲುನಿಲ್ದಾಣವೊಂದರಲ್ಲಿ ಹಿಡಿದಿದ್ದರು. ಆ ಅಧಿಕಾರವಿರುವುದು ರೈಲಿನ ಆಡಳಿತದ ಮಟ್ಟಿಗೆ ಮಾತ್ರ, ಆದುದರಿಂದ ಈ ಬಂಧನ ಸಲ್ಲದು ಎಂದು ೧೮೯೭ರಲ್ಲಿ ತೀರ್ಪಾಯಿತು. ಹಿಡಿಯುವ ಅಧಿಕಾರಕ್ಕೆ ಗೆರೆಯೊಂದುಂಟು, ಚಕ್ರವರ್ತಿನಿಯ ಸರ್ಕಾರವೂ ಅದನ್ನು ದಾಟಲಾಗದು ಎಂದು ಆ ನ್ಯಾಯಮೂರ್ತಿಗಳು ಹೇಳಿದಂತಾಯಿತು.

ಇನ್ನು ಬ್ರಿಟಿಷ್ ಇಂಡಿಯಾ. ಅಲ್ಲಿ ಕಲೆಕ್ಟರನೇ ಜಿಲ್ಲಾ ಮ್ಯಾಜಿಸ್ಟ್ರೇಟ್. ಬಂಗಾಳದ ಬ್ಯಾರಿಸ್ಟರ್ ಮನಮೋಹನ ಘೋಷರು ಈ ಪದ್ಧತಿಯ ಅನ್ಯಾಯಗಳನ್ನು ಒಂದೊಂದಾಗಿ ಕೂಡಿಹಾಕಿ ಪ್ರಕಟಿಸಿದರು. ೧೮೯೯ರಲ್ಲಿ ಲಾರ್ಡ್ ಹಾಬ್‌ಹೌಸ್, ಸರ್ ರಿಚರ್ಡ್ ಗಾರ್ತ್ ಮೊದಲಾದ ಹಿರಿಯ ನ್ಯಾಯವೇತ್ತರು ಇಂಡಿಯಾ ಮಂತ್ರಿಗೆ ಮನವಿಯನ್ನು ಸಲ್ಲಿಸಿದರು. ತತ್ತ್ವವನ್ನು ಅಲ್ಲಗಳೆಯುವವರು ಕಡಮೆ. ಖರ್ಚಿನ ಮಾತು ಬಂದಿತು, ಕಲೆಕ್ಟರರ ಪ್ರತಿಷ್ಠೆಯ ಮಾತು ಬಂದಿತು, ಕೆಲಸ ಮಾತ್ರ ಮುಂದಕ್ಕೆ ಹೋಯಿತು.

ಹೈದರಾಬಾದಿನಲ್ಲಿ ಅದು ಹೇಗೆ ಕೈಗೂಡಿತು? ೧೯೧೯ರಲ್ಲಿ ನಿಜಾಮರು ಕಾರ್ಯನಿರ್ವಾಹಕ ಮಂಡಲಿಯನ್ನು ಸ್ಥಾಪಿಸಿ ಅದರ ಅಧ್ಯಕ್ಷತೆಗೆ ಸರ್ ಅಲಿ ಇಮಾಮರನ್ನು ಕರೆಸಿಕೊಂಡರು. ಅವರು ವೈಸ್‌ರಾಯರ ಮಂಡಲಿಯಲ್ಲಿ ಕಾನೂನು ಸದಸ್ಯರಾಗಿದ್ದವರು, ಪಾಟ್ನಾ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಅಂಥವರ ಕಾಲದಲ್ಲಿ ಈ ಫರ್ಮಾನು ಹೊರಟುದು ಆಕಸ್ಮಿಕವಲ್ಲ. ಸಂಸ್ಥಾನದ ಶಾಸನಸಭೆ ೧೮೯೩ರ ಕಾನೂನಿನಿಂದ ಹುಟ್ಟಿದ್ದರೂ, ಅದರಲ್ಲಿ ಅಧಿಕಾರಿಗಳೇ ಹೆಚ್ಚು. ಜಹಗೀರುದಾರರೂ ವಕೀಲರೂ ಆರಿಸಿದ ಕೆಲವರನ್ನು ಬಿಟ್ಟರೆ ರೈತನ ಪರವಾಗಿ ಏಳುವವರಿರಲಿಲ್ಲ. ಹೀಗಾಗಿ ಸುಧಾರಣೆಯನ್ನು ತಡೆಯುವವರೂ ಇರಲಿಲ್ಲ. ನಮ್ಮಲ್ಲಿ ಕೆಲವರು ಇದನ್ನು ಕಂಡು, ಅರಸೊತ್ತಿಗೆಯೇ ಮೇಲೆನ್ನುವುದುಂಟು. ಆದರೆ ಹಾಗೆನ್ನುವ ಮೊದಲು ಮುಂದೇನಾಯಿತೆಂಬುದನ್ನು ನೋಡಬೇಕು.

ಮೊದಲನೆಯದಾಗಿ, ಫರ್ಮಾನು ನಡೆದುದು ದಿವಾನಿ ಸೀಮೆಯಲ್ಲಿ. ದೊಡ್ಡ ಜಹಗೀರುಗಳಿಗೆ ತಮ್ಮ ತಮ್ಮ ನ್ಯಾಯಸ್ಥಾನಗಳಿದ್ದವು. ಕೊಪ್ಪಳ ಯಲಬುರ್ಗಿಗಳು ಸಾಲಾರ್ ಜಂಗರ ಮನೆತನದ ಜಹಗೀರು. ಅಲ್ಲಿಯ ಪ್ರಜೆಗೆ ಒಡೆಯನೂ ಒಂದೇ, ನ್ಯಾಯಸ್ಥಾನದ ಯಜಮಾನನೂ ಒಂದೇ. ೧೯೪೯ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾಗುವ ತನಕ ಈ ಭೇದ ಉಳಿಯಿತು.

ಎರಡನೆಯದು ಭಾಷೆ. ೧೮೮೦ರ ದಶಕದಲ್ಲಿ ನ್ಯಾಯಸ್ಥಾನಗಳಿಂದ ಪಾರಸಿ ಹೋಗಿ ಉರ್ದು ಬಂದಿತ್ತು. ದೇವದುರ್ಗದ ಒಕ್ಕಲಿಗನಿಗೆ ಎರಡೂ ಒಂದೇ ದೂರ. ಸಾಕ್ಷಿ ಹೇಳುವುದು ಕನ್ನಡದಲ್ಲಿ, ಬರೆದುಕೊಳ್ಳುವುದು ಉರ್ದುವಿನಲ್ಲಿ, ಬರೆದುದನ್ನು ಓದಲಾರದೆ ಹೆಬ್ಬೆಟ್ಟು ಒತ್ತುವುದು ಕೊನೆಗೆ. ನ್ಯಾಯಾಧಿಕಾರಿ ಬೇರೆಯಾದರೇನು, ತನ್ನ ಮಾತು ಏನಾಗಿ ಕಾಗದಕ್ಕೆ ಇಳಿಯಿತೆಂಬುದು ಆತನಿಗೆ ತಿಳಿಯುವಂತಿರಲಿಲ್ಲ. ವಕೀಲ, ಜಾಮೀನು, ಫಿರ್ಯಾದು, ದಾವೆ, ಪಂಚನಾಮೆ, ಮುಚ್ಚಳಿಕೆ ಮೊದಲಾದ ಮಾತುಗಳು ಕನ್ನಡದ ಮನೆಮಾತುಗಳೇ ಆಗಿಹೋದುವು, ನಿಜ. ಮಾತು ತಿಳಿದ ಮಾತ್ರಕ್ಕೆ ಮೊಕದ್ದಮೆ ತಿಳಿಯುತ್ತದೆಯೆ? ನಗರವಾಸಿಯ ಲೆಕ್ಕದಲ್ಲಿ ಮಾನವಿ ದೇವದುರ್ಗಗಳು ರಾಯಚೂರಿಗೆ ಮೂವತ್ತು ಮೈಲಿಯ ಆಸುಪಾಸಿನವು. ಕಕ್ಷಿಗಾರನ ಲೆಕ್ಕದಲ್ಲಿ ಅದಕ್ಕಿಂತ ದೂರ.

ಮೂರನೆಯದು ಎಲ್ಲಕ್ಕೂ ಕಠಿನವಾದುದು. ೧೯೪೭ ೪೮ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ, ಬೇರ್ಪಟ್ಟ ನ್ಯಾಯಸ್ಥಾನಗಳು ತಮ್ಮ ಜಾಗದಲ್ಲೇ ಇದ್ದುವು. ಆದರೆ ಪೊಲೀಸರು ದೂರನ್ನೇ ಬರೆದುಕೊಳ್ಳದಿದ್ದರೆ ನ್ಯಾಯಾಧಿಕಾರಿಯ ಮುಂದೆ ಬರುವುದೇನು? ವಿನಾಯಕರಾವ್ ವಿದ್ಯಾಲಂಕಾರ ಮೊದಲಾದ ವಕೀಲರು ನ್ಯಾಯಸ್ಥಾನಗಳನ್ನು ಬಹಿಷ್ಕರಿಸಿದರು. ಈ ಕಡೆಯ ಎಷ್ಟೋ ಮಂದಿ ಗಡಿ ದಾಟಿ ಮುಂಡರಗಿಯಂಥ ಶಿಬಿರಗಳನ್ನು ಸೇರಿಕೊಂಡರು. ಫರ್ಮಾನು ಕೊಟ್ಟ ಸ್ವಾತಂತ್ರ್ಯವನ್ನು ಕೇಳಿ ಪಡೆಯುವ ಹಕ್ಕು ಪ್ರಜೆಗೆ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ೧೯೨೧ರ ಸುಧಾರಣೆಯ ಅರೆಕೊರೆಯೆಲ್ಲ ಇದರಲ್ಲಿ ಅಡಗಿದೆ.

ಪೊಲೀಸ್ ಕಾರ್ಯಾಚರಣೆ ಮುಗಿದುದು ೧೯೪೮ರ ಸೆಪ್ಟೆಂಬರಿನಲ್ಲಿ. ಅದಾದ ಎರಡು ತಿಂಗಳಿಗೆ, ನವೆಂಬರ್ ೨೪ರಂದು, ದಿಲ್ಲಿಯ ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಹೊಸ ವಿಧಿಯೊಂದನ್ನು ಮಂಡಿಸಿದರು: ಮೂರು ವರ್ಷಗಳೊಳಗೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ರಾಜ್ಯವು ಕ್ರಮ ಕೈಗೊಳ್ಳತಕ್ಕದ್ದು. ಮರುದಿನ ಆ ಮೂರು ವರ್ಷದ ಗಡುವನ್ನು ತೆಗೆದುಹಾಕಲು ತಾವೇ ತಿದ್ದುಪಡಿ ತಂದರು. ಡಾಕ್ಟರ್ ಬಕ್ಷಿ ಟೇಕಚಂದರು ವಿಧಿಯನ್ನು ಬೆಂಬಲಿಸಿದರು. ಪ್ರಧಾನಮಂತ್ರಿ ನೆಹರೂರವರು, ಸರ್ಕಾರಕ್ಕೆ ತತ್ತ್ವದಲ್ಲಿ ಪೂರ್ಣ ಸಮ್ಮತಿಯಿದೆ, ಆದರೆ ದೇಶದ ಭಾಗಭಾಗದ ಪರಿಸ್ಥಿತಿ ಬೇರೆಯಾಗಿರುವುದರಿಂದ ಸಂವಿಧಾನದಲ್ಲಿ ಗಡುವು ಬೇಡವೆಂಬ ಅರ್ಥದ ಮಾತನ್ನಾಡಿದರು. ಈ ಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿಗಳಿರಲಿಲ್ಲ. ಇದ್ದಿದ್ದರೆ, ಅಷ್ಟು ದೊಡ್ಡ ಸಂಸ್ಥಾನದಲ್ಲಿ ಈ ಕಾರ್ಯ ೨೭ ವರ್ಷಗಳ ಹಿಂದೆಯೇ ಆಗಿದೆಯೆಂದು ಹೇಳಬಹುದಾಗಿತ್ತು. ಅದರಿಂದ ಊರೆಲ್ಲ ಉದ್ಧಾರವಾಗಲಿಲ್ಲವೆಂದೂ ಹೇಳಬಹುದಾಗಿತ್ತು. ಆ ವಿಧಿಯೇ ಈಗಿನ ೫೦ನೆಯ ಅನುಚ್ಛೇದ. ಅದು ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ ಸೇರಿತು; ಅದನ್ನು ಹಿಡಿದು ಯಾರೂ ನ್ಯಾಯಸ್ಥಾನಕ್ಕೆ ಹೋಗಲಾಗದು.

೧೯೫೧ರ ಏಪ್ರಿಲ್ ೧ರಿಂದ ಇಂಡಿಯಾದ ದಂಡಸಂಹಿತೆಯೂ ೧೮೯೮ರ ಪ್ರಕ್ರಿಯಾ ಸಂಹಿತೆಯೂ ರಾಯಚೂರಿಗೆ ಬಂದುವು. ಸೋಜಿಗವೇನೆಂದರೆ, ಆ ೧೮೯೮ರ ಪುಸ್ತಕದಲ್ಲಿ ಪ್ರತ್ಯೇಕತೆಯ ಕಟ್ಟಳೆಯಿರಲಿಲ್ಲ. ೧೯೫೬ರ ನವೆಂಬರ್ ೧ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ ಆಲಂಪುರಗಳು ಆಂಧ್ರಕ್ಕೆ ಹೋದುವು. ಮೇಲ್ಮನವಿಗೆ ಹೈದರಾಬಾದಿಗೆ ಹೋಗುತ್ತಿದ್ದವರು ಬೆಂಗಳೂರಿಗೆ ಹೋಗಬೇಕಾಯಿತು. ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ೨೦೦೮ರಲ್ಲಿಯೂ, ಕಾಯಂ ಪೀಠ ೨೦೧೩ರಲ್ಲಿಯೂ ಆದುವು.

೧೯೭೩ರ ಸಂಹಿತೆ ೧೯೭೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ನ್ಯಾಯಿಕ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಅಧೀನ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಸರ್ಕಾರದ ಅಧೀನ ಎಂದು ಅದು ಗೆರೆ ಎಳೆಯಿತು. ಆದರೂ ಶಾಂತಿಭಂಗವಾಗದಂತೆ ಮುಚ್ಚಳಿಕೆ ಬರೆಸಿಕೊಳ್ಳುವುದು, ಗುಂಪುಗೂಡದಂತೆ ನಿಷೇಧಾಜ್ಞೆ ಹೊರಡಿಸುವುದು ಕಂದಾಯದ ಅಧಿಕಾರಿಗಳಲ್ಲಿಯೇ ಉಳಿಯಿತು. ತುರ್ತಿಗೆ ಇದು ಬೇಕೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಮುಚ್ಚಳಿಕೆ ಬರೆಯಲಾಗದ ಬಡವನು ಸೆರೆಮನೆಗೆ ಹೋಗಬೇಕಾಗುವುದೂ ಇದೇ ಬಾಗಿಲಿನಿಂದ.

ಈಚಿನದು ೨೦೨೩ರ ಮೂರು ಸಂಹಿತೆಗಳು. ಆಗಸ್ಟ್ ೧೧ರಂದು ಗೃಹಮಂತ್ರಿ ಅಮಿತ್ ಶಾರವರು ಮಸೂದೆಗಳನ್ನು ಮಂಡಿಸಿದರು. ಅವು ಬ್ರಿಜ್‌ಲಾಲರ ಅಧ್ಯಕ್ಷತೆಯ ಸ್ಥಾಯೀ ಸಮಿತಿಗೆ ಹೋಗಿ ಬಂದು, ಡಿಸೆಂಬರಿನಲ್ಲಿ ಹೊಸದಾಗಿ ಮಂಡಿತವಾಗಿ, ೨೦ರಂದು ಲೋಕಸಭೆಯಲ್ಲಿಯೂ ೨೧ರಂದು ರಾಜ್ಯಸಭೆಯಲ್ಲಿಯೂ ಅಂಗೀಕೃತವಾದುವು. ಆಗ ಲೋಕಸಭೆಯಿಂದಲೇ ವಿರೋಧಪಕ್ಷಗಳ ೯೦ಕ್ಕೆ ಮೇಲ್ಪಟ್ಟು ಸದಸ್ಯರು ಅಮಾನತುಗೊಂಡಿದ್ದರು. ಮಸೂದೆಗಳಲ್ಲಿ ಒಳ್ಳೆಯದಿಲ್ಲವೆಂದಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ವಾದ ಮುಗಿದ ೩೦ ದಿನಗಳಲ್ಲಿ, ಹೆಚ್ಚೆಂದರೆ ೪೫ ದಿನಗಳಲ್ಲಿ, ಸೆಷನ್ಸ್ ತೀರ್ಪು ಬರಬೇಕು. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಸೆರೆಯಲ್ಲಿ ಕಳೆದರೆ, ಘೋರಾಪರಾಧಗಳ ಹೊರತು, ಬಿಡುಗಡೆಗೆ ಅರ್ಹ. ೨೦೨೨ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ನೂರಕ್ಕೆ ೭೫ಕ್ಕಿಂತ ಹೆಚ್ಚು ಮಂದಿ ವಿಚಾರಣೆ ಮುಗಿಯದವರು. ಅವರ ಪಾಲಿಗೆ ಈ ಕೊನೆಯದು ಸಣ್ಣ ಮಾತಲ್ಲ. ಆದರೆ ಪೊಲೀಸ್ ಕಸ್ಟಡಿಯ ೧೫ ದಿನಗಳನ್ನು ಒಟ್ಟಿಗಲ್ಲದೆ ೪೦ ಅಥವಾ ೬೦ ದಿನಗಳೊಳಗೆ ಬಿಡಿಬಿಡಿಯಾಗಿ ಪಡೆಯಲು ಕೊಟ್ಟ ಅವಕಾಶವನ್ನು, ಎದುರು ಬೆಂಚು ತುಂಬಿದ ಸಭೆಯಲ್ಲಿ ಪದಪದವಾಗಿ ಕೆದಕಿ ನೋಡಬೇಕಾಗಿತ್ತು. ಫರ್ಮಾನಿನ ರಾಜ್ಯದಲ್ಲಿ ಸಭೆಯೇ ಇರಲಿಲ್ಲ. ಸಭೆಯಿರುವ ರಾಜ್ಯದಲ್ಲಿ ಇಂಥ ಕೆಲಸಕ್ಕೆ ಅದು ಪೂರ್ಣವಾಗಿ ಕುಳಿತಿರಬೇಕೆಂದು ಅಪೇಕ್ಷಿಸುವುದು ಅತಿಯಾಸೆಯಾಗದು.

೨೦೨೪ರ ಜುಲೈ ೧ರಿಂದ ಹೊಸ ಸಂಹಿತೆಗಳು ನಡೆಯುತ್ತಿವೆ. ಈಗ ಮಾನವಿಯಲ್ಲಿಯೂ ದೇವದುರ್ಗದಲ್ಲಿಯೂ ನ್ಯಾಯಿಕ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಿವೆ, ಸಾಕ್ಷಿ ಕನ್ನಡದಲ್ಲಿ ಹೇಳಿದುದು ಕನ್ನಡದಲ್ಲಿ ದಾಖಲಾಗುತ್ತದೆ. ತಹಸೀಲ್ದಾರರು ತಾಲ್ಲೂಕಿನ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿಯೇ ಇದ್ದಾರೆ. ಅವರು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದ ೧೦೭ನೆಯ ಸೆಕ್ಷನ್ನಿಗೆ ೧೨೬ ಎಂದೂ, ೧೪೪ಕ್ಕೆ ೧೬೩ ಎಂದೂ ಸಂಖ್ಯೆ ಬದಲಾಗಿದೆ. ಜುಲೈಗೆ ಹಿಂದಿನ ಮೊಕದ್ದಮೆಗಳು ಹಳೆಯ ಸಂಹಿತೆಯಂತೆಯೇ ಮುಗಿಯಬೇಕಾದುದರಿಂದ, ವಕೀಲರು ಸದ್ಯಕ್ಕೆ ಎರಡೂ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ನ್ಯಾಯಾಲಯಕ್ಕೆ ಬರುತ್ತಿದ್ದಾರೆ.