ಊರುಗೋಲು ಬೇಡುವ ವೈರಸ್ಸು

1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಎಂಬ ಮೂವರು ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿದರು. ಜೀವಕೋಶದೊಳಗೆ ಅದು ಯಾರ ನೆರವಿನಿಂದ ಬೆಳೆಯುತ್ತದೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ. ತನ್ನ ವಂಶಲಿಪಿಯನ್ನು ನಕಲಿಸುವ ಕಿಣ್ವವನ್ನು ಅದು ಹೊತ್ತುಕೊಂಡೇ ಬರುತ್ತದೆ; ಆದರೆ ಆ ಕಿಣ್ವ ನಡೆಯಲು ನಮ್ಮ ಕೋಶದ ಪ್ರೋಟೀನೊಂದರ ಊರುಗೋಲು ಬೇಕು. ಅದರ ಹೆಸರು ಎಎನ್‌ಪಿ32ಎ. ಕವಿಗಳಿಗೆ ರುಚಿಸದ ಹೆಸರು, ಇರಲಿ. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೆಂಡಿ ಬಾರ್ಕ್ಲೆಯವರ ತಂಡ ತೋರಿಸಿಕೊಟ್ಟಂತೆ, ಕೋಳಿಯಲ್ಲಿ ಈ ಪ್ರೋಟೀನು 33 ಅಮೈನೋ ಆಮ್ಲಗಳಷ್ಟು ಹೆಚ್ಚು ಉದ್ದ. ಹಕ್ಕಿಜ್ವರದ ವೈರಸ್ಸು ಆ ಉದ್ದಕ್ಕೆ ಒಗ್ಗಿದೆ. ನಮ್ಮ ಗಿಡ್ಡ ಕೋಲು ಹಿಡಿದರೆ ಕುಂಟುತ್ತದೆ. ನಮ್ಮನ್ನು ಕಾಯುವ ತಡೆಗಳಲ್ಲಿ ಒಂದು ಇಷ್ಟು ಕಿರಿದೇ ಎಂದು ನನಗೆ ದಿಗಿಲಾಗುತ್ತದೆ. ಕಿಣ್ವದ ಒಂದು ಭಾಗದಲ್ಲಿ, 627ನೆಯ ಸ್ಥಾನದ ಒಂದೇ ಅಮೈನೋ ಆಮ್ಲ ಬದಲಾಗಿ ಲೈಸೀನ್ ಬಂದರೆ ಸಾಕು, ಕುಂಟು ಮಾಯವಾಗುತ್ತದೆ. ಕೋಟಿಗಟ್ಟಲೆ ಜನರನ್ನು ಬಲಿತೆಗೆದುಕೊಂಡ 1918ರ ವೈರಸ್ಸಿನಲ್ಲಿ ಆ ಸ್ಥಾನದಲ್ಲಿದ್ದುದು ಲೈಸೀನೇ.