ಹೂಂಗುಟ್ಟುವವನ ಕೈಗೆ ಬಂದ ಕಥೆ

ಅಜ್ಜಿ ಕಥೆ ಹೇಳಲು ಕುಳಿತರೆ ಮೊದಲು ಒಂದು ಕರಾರು ಆಗಬೇಕು: ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಮಗುವಿಗೆ ನಿದ್ದೆ ಬಂತೆಂದು ಅರ್ಥ. ಕಥೆಯೂ ಅಲ್ಲಿಗೇ ನಿಂತಿತು. ಆದುದರಿಂದ ಕಥೆಯಲ್ಲಿ ಕೇಳುವವನಿಗೂ ಒಂದು ಪಾಲುಂಟೆಂಬುದು ನಮಗೆ ಹೊಸ ಮಾತಲ್ಲ. ಆದರೆ ಆ ಪಾಲು ಬಹಳ ಕಿರಿದು. ಅವನು ಕಥೆಯನ್ನು ನಡೆಸಬಲ್ಲ, ನಿಲ್ಲಿಸಬಲ್ಲ, ತಿರುಗಿಸಲಾರ. ಬೇತಾಳನು ವಿಕ್ರಮನ ಹೆಗಲ ಮೇಲಿಂದ ಪ್ರಶ್ನೆ ಕೇಳುತ್ತಾನೆ, ರಾಜನು ಉತ್ತರವನ್ನೂ ಕೊಡುತ್ತಾನೆ. ಆ ಉತ್ತರದಿಂದ ಬೇತಾಳ ಹೇಳಿದ ಕಥೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಅದು ಆಗಲೇ ಮುಗಿದುಹೋದ ಕಥೆ.

ಮುಗಿಯದ ಕಥೆಯನ್ನು ಮಗುವಿನ ಕೈಗೆ ಕೊಟ್ಟು, ‘ಎಡಕ್ಕೆ ಹೋಗುವೆಯೋ, ಬಲಕ್ಕೆ ಹೋಗುವೆಯೋ, ನೀನೇ ಹೇಳು’ ಎನ್ನುವ ಪದ್ಧತಿ ಇತ್ತೀಚಿನದು. ಇಂದು ಕಂಪ್ಯೂಟರಿನಲ್ಲಿಯೂ ಕೈಫೋನಿನಲ್ಲಿಯೂ ಮಕ್ಕಳು ಆಡುವ ಇಂಥ ಕಥೆಯಾಟಗಳು ಬೇಕಾದಷ್ಟಿವೆ. ಇವನ್ನು ಕವಲುಕಥೆಗಳೆಂದು ಕರೆಯೋಣ. ಇವುಗಳ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ಯಂತ್ರಶಾಲೆಗಲ್ಲ, ಮಕ್ಕಳು ಮಲಗುವ ಕೋಣೆಗೇ ಬಂದು ಸೇರುತ್ತೇವೆ.

ಪೂರ್ವಜರು ಇರಲಿಲ್ಲವೆಂದಲ್ಲ. 1930ರಲ್ಲಿ ಡೋರಿಸ್ ವೆಬ್‌ಸ್ಟರ್ ಮತ್ತು ಮೇರಿ ಆಲ್ಡನ್ ಹಾಪ್‌ಕಿನ್ಸ್ ಎಂಬ ಇಬ್ಬರು ಮಹಿಳೆಯರು ಅಮೆರಿಕದಲ್ಲಿ ಒಂದು ಪುಸ್ತಕವನ್ನು ಹೊರತಂದರು. ಅದರ ನಾಯಕಿಯನ್ನು ವರಿಸಲು ಇಬ್ಬರು ತರುಣರು ಕಾದಿದ್ದಾರೆ. ಅವಳು ಏನು ಮಾಡಬೇಕೆಂಬುದನ್ನು ಓದುಗನೇ ತೀರ್ಮಾನಿಸಿ, ಅದಕ್ಕೆ ತಕ್ಕ ಪುಟವನ್ನು ತಿರುವಬೇಕು. ಆದರೆ ಅದು ದೊಡ್ಡವರ ವಿನೋದ. 1958ರಿಂದಾಚೆಗೆ ನಾರ್ಮನ್ ಕ್ರೌಡರ್ ಎಂಬ ಶಿಕ್ಷಣತಜ್ಞನ ಸ್ವಯಂಬೋಧಕ ಪುಸ್ತಕಗಳು ಬಂದವು. ಪುಟದ ಕೊನೆಗೆ ಒಂದು ಪ್ರಶ್ನೆ, ಅದರ ಕೆಳಗೆ ಕೆಲವು ಉತ್ತರಗಳು. ಸರಿಯಾದುದನ್ನು ಆರಿಸಿದವನು ಮುಂದಿನ ಪಾಠಕ್ಕೆ ಹೋಗುತ್ತಾನೆ. ತಪ್ಪಿದವನು ಮತ್ತೊಂದು ಪುಟಕ್ಕೆ ಹೋಗಿ, ತನ್ನ ತಪ್ಪು ಯಾವುದೆಂದು ತಿಳಿದುಕೊಂಡು, ಹೊರಟಲ್ಲಿಗೇ ಮರಳಬೇಕು. ಪುಟದಿಂದ ಪುಟಕ್ಕೆ ಹಾರುವ ಯುಕ್ತಿ ಇಲ್ಲಿತ್ತು; ಆದರೆ ಹಾದಿ ಒಂದೇ. ಉಳಿದವೆಲ್ಲ ಕುರುಡು ಓಣಿಗಳು.

ಮಕ್ಕಳ ಕವಲುಕಥೆಯ ನಿಜವಾದ ಜನನ 1969ರಲ್ಲಿ. ಎಡ್ವರ್ಡ್ ಪ್ಯಾಕರ್ಡ್ ಎಂಬ ಅಮೆರಿಕದ ವಕೀಲ ರಾತ್ರಿಯ ಹೊತ್ತು ತನ್ನ ಹೆಣ್ಣುಮಕ್ಕಳಿಗೆ ಕಥೆ ಹೇಳುತ್ತಿದ್ದ. ಪೀಟ್ ಎಂಬ ಹುಡುಗ ಒಂದು ದ್ವೀಪದಲ್ಲಿ ಸಿಕ್ಕಿಕೊಂಡು ಪಡುವ ಪಾಡು ಆ ಕಥೆಗಳ ವಸ್ತು. ಒಂದು ರಾತ್ರಿ ವಕೀಲರ ಬುದ್ಧಿಯ ಬುತ್ತಿ ಬರಿದಾಯಿತು. ‘ಈಗ ಪೀಟ್ ಏನು ಮಾಡಬೇಕು?’ ಎಂದು ಮಕ್ಕಳನ್ನೇ ಕೇಳಿದ. ಇಬ್ಬರು ಎರಡು ಉತ್ತರ ಕೊಟ್ಟರು. ಬೇರೊಬ್ಬ ತಂದೆಯಾಗಿದ್ದರೆ ಒಬ್ಬಳ ಮಾತನ್ನು ಎತ್ತಿಹಿಡಿದು ಇನ್ನೊಬ್ಬಳನ್ನು ಅಳಿಸುತ್ತಿದ್ದನೇನೋ. ಈತನಿಗೆ ಎರಡೂ ಕಥೆಗಳು ನಡೆಯಬಹುದಲ್ಲ ಎಂದು ಹೊಳೆಯಿತು.

ಅವನು ಅದನ್ನು ಬರೆದ. ಬರೆಯುವಾಗ ಪೀಟ್‌ನನ್ನು ಕಳಚಿಹಾಕಿ, ಅವನಿದ್ದ ಜಾಗದಲ್ಲಿ ‘ನೀನು’ ಎಂಬುದನ್ನು ಕೂರಿಸಿದ. ದ್ವೀಪಕ್ಕೆ ಬಂದು ಬಿದ್ದವನು ಈಗ ಓದುವ ಮಗುವೇ. ಈ ಸರ್ವನಾಮದ ಮಹಿಮೆಯನ್ನು ಕನ್ನಡಿಗರು ಸುಲಭವಾಗಿ ಗ್ರಹಿಸಬಲ್ಲರು. ‘ಹೋದನು’, ‘ಹೋದಳು’ ಎಂದರೆ ಗಂಡು ಹೆಣ್ಣಿನ ಗೋಡೆ ಎದ್ದಿತು. ‘ಹೋದೆ’ ಎಂದರೆ ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಮುಂದೆ ಬಂದ ಪುಸ್ತಕಗಳ ಚಿತ್ರಗಳಲ್ಲಿ ಈ ‘ನೀನು’ ಬಹುಮಟ್ಟಿಗೆ ಹುಡುಗನಾಗಿಯೇ ಕಾಣಿಸಿಕೊಂಡ. ಹೆಣ್ಣುಮಕ್ಕಳ ಬಾಯಿಂದ ಹುಟ್ಟಿದ ಕಥೆಗೆ ಹೀಗಾದುದು ವಿಚಿತ್ರವೇ ಸರಿ.

ಪ್ರಕಾಶಕರಿಗೆ ಹಸ್ತಪ್ರತಿ ರುಚಿಸಲಿಲ್ಲ. ಅದು ಕಥೆಯೋ ಆಟವೋ ಅವರಿಗೆ ತಿಳಿಯಲಿಲ್ಲ. ಕೆಲವು ವರ್ಷ ಮೂಲೆ ಸೇರಿದ್ದ ಆ ಕಟ್ಟು 1976ರಲ್ಲಿ ವರ್ಮಾಂಟ್ ಪ್ರಾಂತದ ಒಂದು ಸಣ್ಣ ಮುದ್ರಣ ಸಂಸ್ಥೆಯಿಂದ ‘ಶುಗರ್‌ಕೇನ್ ಐಲೆಂಡ್’ ಎಂಬ ಹೆಸರಿನಲ್ಲಿ ಹೊರಬಂತು. ಆ ಸಂಸ್ಥೆಯ ಆರ್. ಎ. ಮಾಂಟ್‌ಗೊಮರಿ, ಪಾತ್ರ ವಹಿಸಿ ಆಡುವ ಬೋಧಕ ಆಟಗಳನ್ನು ರಚಿಸಿ ಪಳಗಿದವನು. ಪುಸ್ತಕದ ವೇಷದಲ್ಲಿ ಬಂದ ಆಟವನ್ನು ಅವನ ಕಣ್ಣು ಗುರುತಿಸಿತು. 1979ರಲ್ಲಿ ಬ್ಯಾಂಟಮ್ ಸಂಸ್ಥೆ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆಯನ್ನು ಆರಂಭಿಸಿತು. ಮೊದಲನೆಯದು ಪ್ಯಾಕರ್ಡ್ ಬರೆದ ‘ದಿ ಕೇವ್ ಆಫ್ ಟೈಮ್’. 1998ರಲ್ಲಿ ಮೂಲ ಮಾಲೆ ನಿಲ್ಲುವ ಹೊತ್ತಿಗೆ ಅದರಲ್ಲಿ 180ಕ್ಕೂ ಹೆಚ್ಚು ಪುಸ್ತಕಗಳಿದ್ದವು. ಮಾರಾಟವಾದ ಪ್ರತಿಗಳು 25 ಕೋಟಿಗೆ ಮಿಕ್ಕಿದುವೆಂದು ಲೆಕ್ಕ.

ಇಂಥ ಕಥೆಯನ್ನು ಕಟ್ಟುವುದು ಹೊರಗೆ ಕಾಣುವಷ್ಟು ಸುಲಭವಲ್ಲ. ಸ್ವಲ್ಪ ಗಣಿತ ಹಾಕಿ ನೋಡೋಣ. ಪ್ರತಿ ಪುಟದ ಕೊನೆಗೆ ಎರಡು ದಾರಿಗಳು. ಮಗು ಹತ್ತು ಸಲ ಆರಿಸಬೇಕು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹತ್ತನೆಯ ಸಲಕ್ಕೆ 1,024 ಮುಕ್ತಾಯಗಳು ಬೇಕಾಗುತ್ತವೆ. ಒಟ್ಟು ಬರೆಯಬೇಕಾದ ಪುಟಗಳು 2,047. ಒಂದು ಸಲದ ಓದಿನಲ್ಲಿ ಮಗು ನೋಡುವುದು 11 ಪುಟ ಮಾತ್ರ. ಚದುರಂಗದ ಮನೆಗಳಲ್ಲಿ ಕಾಳಿಟ್ಟ ರಾಜನ ಗತಿಯೇ ಬರಹಗಾರನಿಗೂ ಆದೀತು. ‘ದಿ ಕೇವ್ ಆಫ್ ಟೈಮ್’ ನೂರು ಚಿಲ್ಲರೆ ಪುಟಗಳ ಪುಸ್ತಕ. ಅದರಲ್ಲಿ 40 ಮುಕ್ತಾಯಗಳಿವೆ.

ಇದು ಸಾಧ್ಯವಾದುದು ಎರಡು ಉಪಾಯಗಳಿಂದ. ಒಂದು, ಕೆಲವು ಕೊಂಬೆಗಳನ್ನು ಬೇಗನೆ ಕಡಿದುಹಾಕುವುದು: ಮಗು ಗುಹೆಯ ಎಡಕ್ಕೆ ತಿರುಗಿದರೆ ಅಲ್ಲಿಗೇ ಕಥೆ ಮುಗಿಯಿತು. ಇನ್ನೊಂದು, ಅಗಲಿದ ಕವಲುಗಳನ್ನು ಮುಂದೆಲ್ಲೋ ಒಂದು ಕಡೆ ಕೂಡಿಸುವುದು: ಹೊಳೆಯಲ್ಲಿ ಬಂದವನೂ ಬೆಟ್ಟ ಹತ್ತಿ ಬಂದವನೂ ಕೊನೆಗೆ ಒಂದೇ ಕೋಟೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಎರಡರಲ್ಲಿಯೂ ಅಪಾಯವಿದೆ. ಕಾರಣವಿಲ್ಲದೆ ಕೊಂಬೆ ಕಡಿದರೆ ಮಗುವಿಗೆ ಅದು ಅನ್ಯಾಯವಾಗಿ ತೋರುತ್ತದೆ. ಎಲ್ಲ ಕವಲುಗಳೂ ಕೂಡಿಕೊಂಡರೆ ತಾನು ಆರಿಸಿದುದೆಲ್ಲ ಬರಿಯ ನಟನೆ ಎಂಬುದನ್ನು ಮಗು ಎರಡನೆಯ ಓದಿಗೇ ಕಂಡುಹಿಡಿಯುತ್ತದೆ. ಹಿಂದಿನ ಪುಟದಲ್ಲಿ ಬೆರಳಿಟ್ಟುಕೊಂಡು ಮುಂದಿನ ಪುಟವನ್ನು ಇಣುಕಿ ನೋಡುವ ಓದುಗರನ್ನು ಮೋಸಗೊಳಿಸುವುದು ಸುಲಭವಲ್ಲ.

1982ರಲ್ಲಿ ಇಂಗ್ಲೆಂಡಿನ ಸ್ಟೀವ್ ಜ್ಯಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಇದಕ್ಕೆ ಮತ್ತೊಂದು ರೂಪ ಕೊಟ್ಟರು. ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಎಂಬ ಅವರ ಪುಸ್ತಕದಲ್ಲಿ 400 ಖಂಡಗಳು. ಓದುವವನ ಕೈಯಲ್ಲಿ ಎರಡು ದಾಳ, ಒಂದು ಪೆನ್ಸಿಲ್, ಒಂದು ರಬ್ಬರ್ ಇರಬೇಕು. ನಮ್ಮ ಪಗಡೆಯಂತೆ ಬುದ್ಧಿಗೂ ಅದೃಷ್ಟಕ್ಕೂ ಇಲ್ಲಿ ಪಾಲುಂಟು. ಮಗು ತನ್ನ ಬಲಾಬಲಗಳನ್ನು, ಗಳಿಸಿದ ವಸ್ತುಗಳನ್ನು ಕಾಗದದ ಮೇಲೆ ಬರೆದಿಡುತ್ತದೆ. ಮೊದಲೆಲ್ಲೋ ಎತ್ತಿಕೊಂಡ ಬೀಗದ ಕೈ ಕೊನೆಯಲ್ಲಿ ಪೆಟ್ಟಿಗೆಯನ್ನು ತೆರೆಯುತ್ತದೆ. ಕವಲುಗಳು ಕೂಡಿದರೂ ನಡೆದು ಬಂದ ದಾರಿಯ ನೆನಪು ಅಳಿಯುವುದಿಲ್ಲ.

ಈ ನೆನಪಿನ ಕೆಲಸಕ್ಕೆ ಕಂಪ್ಯೂಟರಿಗಿಂತ ತಕ್ಕ ಸೇವಕನಿಲ್ಲ. ಅದರ ಕಥೆಯಲ್ಲಿಯೂ ಒಬ್ಬ ತಂದೆ ಇದ್ದಾನೆ. ವಿಲ್ ಕ್ರೌಥರ್ ಎಂಬ ಅಮೆರಿಕದ ಯಂತ್ರಜ್ಞ ಗುಹೆಗಳನ್ನು ಹೊಕ್ಕು ನಕ್ಷೆ ಬರೆಯುವ ಹವ್ಯಾಸದವನು. ವಿವಾಹ ಮುರಿದು ಹೆಣ್ಣುಮಕ್ಕಳಿಂದ ದೂರವಾಗಿದ್ದ ಕಾಲದಲ್ಲಿ, ಅವರು ಬಂದಾಗ ಆಡಲೆಂದು, 1976ರ ಹೊತ್ತಿಗೆ ಕೆಂಟಕಿಯ ಮ್ಯಾಮತ್ ಗುಹೆಯನ್ನು ಅನುಸರಿಸಿ ಅಕ್ಷರಗಳಲ್ಲೇ ನಡೆಯುವ ಒಂದು ಆಟವನ್ನು ರಚಿಸಿದ. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಬೆಳೆಸಿದ. ಪ್ಯಾಕರ್ಡ್ ಮತ್ತು ಕ್ರೌಥರ್, ಒಬ್ಬ ಕಾಗದದಲ್ಲಿ, ಒಬ್ಬ ಯಂತ್ರದಲ್ಲಿ, ಮಾಡಿದುದು ಒಂದೇ ಕೆಲಸ: ಮಕ್ಕಳಿಗಾಗಿ ಒಂದು ಲೋಕವನ್ನು ಕಟ್ಟಿ, ಅದರ ಬಾಗಿಲಲ್ಲಿ ನಿಂತು ‘ಎತ್ತ ಹೋಗೋಣ?’ ಎಂದು ಕೇಳಿದುದು. 2009ರಲ್ಲಿ ಕ್ರಿಸ್ ಕ್ಲಿಮಾಸ್ ಸಿದ್ಧಪಡಿಸಿ ಉಚಿತವಾಗಿ ಹಂಚಿದ ‘ಟ್ವೈನ್’ ಎಂಬ ಉಪಕರಣದಿಂದ, ಯಂತ್ರಭಾಷೆ ಬಾರದ ಉಪಾಧ್ಯಾಯರೂ, ಮಕ್ಕಳೂ ಸಹ ಕವಲುಕಥೆಯನ್ನು ಹೆಣೆಯುವಂತಾಗಿದೆ.

ಉಪಕರಣ ಸುಲಭವಾಯಿತು, ಹಳೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮಗುವಿಗೆ ನಾವು ಕೊಡುವ ಆಯ್ಕೆ ನಿಜವಾದುದೋ? ‘ಸುಳ್ಳು ಹೇಳುವೆಯಾ, ನಿಜ ಹೇಳುವೆಯಾ?’ ಎಂದು ಕೇಳಿ, ಸುಳ್ಳೆಂದವನನ್ನು ಮೊಸಳೆಯ ಬಾಯಿಗೆ ನೂಕಿದರೆ ಅದು ಕ್ರೌಡರನ ಪಾಠಪುಸ್ತಕವೇ ಆಯಿತು, ಮೊಸಳೆಯೊಂದು ಹೆಚ್ಚು. ನೀತಿ ಕಲಿಸುವ ಆತುರದಲ್ಲಿ ನಮ್ಮವರು ಜಾರುವುದು ಇಲ್ಲಿಯೇ. 1982ರ ‘ಇನ್‌ಸೈಡ್ ಯು.ಎಫ್.ಒ. 54-40’ ಎಂಬ ಪುಸ್ತಕದಲ್ಲಿ ಪ್ಯಾಕರ್ಡ್ ಒಂದು ಸ್ವರ್ಗಲೋಕವನ್ನು ಇರಿಸಿದ. ಯಾವ ಆಯ್ಕೆಯಿಂದಲೂ ಆ ಪುಟಕ್ಕೆ ದಾರಿಯಿಲ್ಲ. ನಿಯಮ ಮುರಿದು ಹಾಳೆ ಮಗುಚಿದವನಿಗೆ ಮಾತ್ರ ಅದು ಸಿಕ್ಕುತ್ತದೆ. ತುಂಟ ಮಕ್ಕಳಿಗೆ ಅವನು ಒಪ್ಪಿಸಿದ ಗೌರವ ಅದು.

ಪುಣ್ಯಕೋಟಿಯ ಕಥೆ ಕೇಳುವ ಯಾವ ಮಗುವಾದರೂ ಒಂದು ದಿನ ಕೇಳಿಯೇ ಕೇಳುತ್ತದೆ: ‘ಹಸು ದೊಡ್ಡಿಗೆ ಹೋಯಿತಲ್ಲ, ಅಲ್ಲೇ ಉಳಿದುಬಿಟ್ಟಿದ್ದರೆ?’ ನಾವು ‘ಛೆ, ಹಾಗೆಲ್ಲ ಕೇಳಬಾರದು’ ಎಂದು ಗದರಿಸುತ್ತೇವೆ. ಆದರೆ ಉಳಿಯುವ ದಾರಿಯೂ ತೆರೆದಿತ್ತು. ಅದಕ್ಕೇ ಅಲ್ಲವೇ ಅವಳು ಹಿಂತಿರುಗಿದುದಕ್ಕೆ ಅಷ್ಟು ಬೆಲೆ? ಒಂದು ಸಲ ಮಗುವನ್ನು ಆ ದಾರಿಯಲ್ಲಿಯೂ ನಡೆಯಗೊಡಬೇಕು. ಹಸುವೂ ಕರುವೂ ಒಂದಾಗಿರಲಿ; ಬೆಟ್ಟದಲ್ಲಿ ಹುಲಿ ಕಾದಿರಲಿ. ಮೊಸಳೆ, ಸಿಡಿಲು ಯಾವುದೂ ಬೇಡ. ಆ ಪುಟದಲ್ಲಿ ಸ್ವಲ್ಪ ಹೊತ್ತು ಕುಳಿತ ಮಗು ತಾನಾಗಿಯೇ ಹಿಂದಿನ ಪುಟಕ್ಕೆ ತಿರುವಿದರೆ, ಅಜ್ಜಿ ಇಷ್ಟು ಕಾಲ ಹೇಳಿದ ಕಥೆಯನ್ನು ಅದು ಆಗ ಮೊದಲ ಸಲ ಕೇಳಿದಂತೆ. ತಿರುವದೆ ಅಲ್ಲಿಯೇ ಉಳಿದರೆ, ಈ ಸಲ ಹೂಂಗುಟ್ಟುವ ಸರದಿ ನಮ್ಮದು.