ನಮ್ಮ ಎರೆಹೊಲದ ಹತ್ತಿ ಮತ್ತು ಅಮೆರಿಕದ ಗುಲಾಮರು

ನರಗುಂದದ ಬಾಬಾಸಾಹೇಬರನ್ನು ಬ್ರಿಟಿಷರು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ನಮ್ಮ ಶಾಲೆಯ ಪ್ರತಿ ವಿದ್ಯಾರ್ಥಿಗೂ ಗೊತ್ತು. ಅದಾದ ಮೂರೇ ವರ್ಷಕ್ಕೆ ಏಳು ಸಮುದ್ರದಾಚೆಯ ಒಂದು ಯುದ್ಧ ಈ ಭಾಗದ ಹತ್ತಿಯ ಬೆಲೆಯನ್ನು ಅಲುಗಾಡಿಸಿದ್ದು ಅನೇಕರಿಗೆ ತಿಳಿದಿಲ್ಲ.

ಆಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಅದನ್ನು ಬೆಳೆದು ಬಿಡಿಸುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. 1860ರಲ್ಲಿ ಅಲ್ಲಿದ್ದ ಗುಲಾಮರು ಸುಮಾರು 40 ಲಕ್ಷ. ದನದ ಸಂತೆಯಂತೆ ಅವರ ಮಾರಾಟ. ತಾಯಿ ಒಬ್ಬನಿಗೆ, ಮಗು ಇನ್ನೊಬ್ಬನಿಗೆ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಮಾಡಿದ. ಅದರಿಂದ ಅವರ ದುಡಿಮೆ ಹಗುರಾಗಲಿಲ್ಲ. ಹತ್ತಿ ಹೊಲಗಳು ಹೆಚ್ಚಿದವು, ಗುಲಾಮರೂ ಹೆಚ್ಚಿದರು.

ಬ್ರಿಟಿಷರಿಗೆ ಒಂದೇ ದೇಶವನ್ನು ನಂಬಿ ಕೂಡುವ ಭಯವಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಭಾರತಕ್ಕೆ ಕರೆಸಿತು. ಆ ಬೀಜ ಚೆನ್ನಾಗಿ ನೆಲೆಯೂರಿದ್ದು ಧಾರವಾಡ ಜಿಲ್ಲೆಯಲ್ಲಿ. 1997ರವರೆಗೆ ರೋಣ, ನರಗುಂದ, ಗಜೇಂದ್ರಗಡಗಳೂ ಅದೇ ಜಿಲ್ಲೆಯವು. ಅದು ‘ಧಾರವಾಡ–ಅಮೆರಿಕನ್’ ಎಂದು ಹೆಸರಾಯಿತು. ಜವಾರಿ ಹತ್ತಿ ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದರಿಂದ ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎನಿಸಿತು.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಇಬ್ಭಾಗವಾಗಿ ಅಂತರ್ಯುದ್ಧ ಆರಂಭವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರ್ ಗಿರಣಿಗಳು ನಿಂತವು, ಕಾರ್ಮಿಕರು ಹಸಿದರು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡದ ಹತ್ತಿ ಸಾಗಿಸಲು ಕಾರವಾರ ಬಂದರು ಸುಧಾರಿಸಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯೂ ಇತ್ತು.

1865ರಲ್ಲಿ ಯುದ್ಧ ಮುಗಿಯಿತು, ಗುಲಾಮಗಿರಿ ಕಾನೂನಿನಲ್ಲಿ ರದ್ದಾಯಿತು. ಆ ವರ್ಷವೇ ಹತ್ತಿಯ ಬೆಲೆ ಕುಸಿದು ಮುಂಬಯಿಯ ದೊಡ್ಡ ದೊಡ್ಡ ವ್ಯಾಪಾರಿಗಳು ದಿವಾಳಿಯಾದರು. ಒಳ್ಳೆಯ ಬೆಲೆ ನಂಬಿ ಸಾಲ ಮಾಡಿದ್ದ ದಖ್ಖನ್ನಿನ ರೈತರ ಮೇಲೆ ಬಡ್ಡಿ ಉಳಿಯಿತು. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ಅವರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು.

ನಮ್ಮ ರೈತ ಗುಲಾಮನಾಗಿರಲಿಲ್ಲ. ಆ ನೋವನ್ನೂ ಈ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಇಬ್ಬರ ಬೆವರಿಗೂ ಬೆಲೆ ಕಟ್ಟಿದ್ದು ಒಂದೇ ಪೇಟೆ. ಬಿಡುಗಡೆಯಾದ ಗುಲಾಮರಿಗೂ ಭೂಮಿ ಸಿಗಲಿಲ್ಲ. ಬಹಳಷ್ಟು ಜನ ಹಳೆಯ ಧಣಿಗಳ ಹೊಲವನ್ನೇ ಪಾಲಿಗೆ ಮಾಡಿ, ಅದೇ ಹತ್ತಿ ಬೆಳೆದು, ಸಾಲದಲ್ಲಿ ಉಳಿದರು. ಪಠ್ಯಪುಸ್ತಕದಲ್ಲಿ ಅಮೆರಿಕದ ಅಂತರ್ಯುದ್ಧವನ್ನು ಓದುವ ನಮ್ಮ ಮಕ್ಕಳು ಅದನ್ನು ಪರದೇಶದ ಪಾಠವೆಂದು ಬಿಡದೆ, ಊರ ಹೊಲದ ಚರಿತ್ರೆಯೆಂದೂ ಓದಲಿ.